ಕೋಶ ಒಡೆಯಬೇಕು, ಒಳಗಿನದ್ದು ಒಡೆಯಬಾರದು

ಜೀವಕೋಶದ ಭಾಗಗಳನ್ನು ಬಿಡಿಸಿ ನೋಡಲು ಪ್ರಯೋಗಾಲಯಗಳಲ್ಲಿ ಬಹಳ ಹಿಂದಿನಿಂದ ಬಳಸುತ್ತಿರುವುದು ಇಲಿಯ ಯಕೃತ್ತು. ಮೆತ್ತಗಿರುತ್ತದೆ, ಬೇಗ ಅರೆಯುತ್ತದೆ. ಹಿಂದಿನ ರಾತ್ರಿ ಇಲಿಗೆ ಆಹಾರ ಕೊಡುವುದಿಲ್ಲ. ಕೊಟ್ಟರೆ ಯಕೃತ್ತು ಕೂಡಿಟ್ಟುಕೊಳ್ಳುವ ಸಕ್ಕರೆಯಾದ ಗ್ಲೈಕೋಜನ್ ಕಣಗಳೂ ತಳಕ್ಕಿಳಿದು ಕೆಲಸ ಕೆಡಿಸುತ್ತವೆ.

ಮೊದಲು ಸಕ್ಕರೆ ದ್ರಾವಣ: 0.25 ಮೋಲಾರ್ ಸುಕ್ರೋಸ್, ಅಂದರೆ ಲೀಟರಿಗೆ ಸುಮಾರು 85.6 ಗ್ರಾಂ. ಪಿಎಚ್ 7.4. ಬರೀ ನೀರಾದರೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಗಳು ಉಬ್ಬಿ ಒಡೆಯುತ್ತವೆ.

ಯಕೃತ್ತನ್ನು ಸಣ್ಣಗೆ ಹೆಚ್ಚಿ, ರಕ್ತ ಹೋಗುವಂತೆ ಈ ದ್ರಾವಣದಲ್ಲೇ ತೊಳೆದು, ಅರೆಯುವ ಗಾಜಿನ ಕೊಳವೆಯಾದ ಹೋಮೊಜಿನೈಸರ್‌ಗೆ ಹಾಕಿ. ಟೆಫ್ಲಾನ್ ಕಡ್ಡಿ ಐದಾರು ಸಲ ಮೇಲೆ ಕೆಳಗೆ ಆಡಿದರೆ ಸಾಕು. ಮಿಕ್ಸಿ ಆಗದೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಆಗದು, ಅದು ನ್ಯೂಕ್ಲಿಯಸ್ಸನ್ನೂ ಬಿಡುವುದಿಲ್ಲ. ಎಲ್ಲವೂ ಐಸಿನ ಮೇಲೆಯೇ ನಡೆಯಲಿ. ಬೆಚ್ಚಗಾದರೆ ಕೋಶದ ಸ್ವಂತ ಕಿಣ್ವಗಳೇ ಅದನ್ನು ಜೀರ್ಣಿಸತೊಡಗುತ್ತವೆ.

ಬಟ್ಟೆಯಲ್ಲಿ ಸೋಸಿ, ಕೊಳವೆಗಳನ್ನು ರಭಸದಿಂದ ತಿರುಗಿಸುವ ಯಂತ್ರವಾದ ಸೆಂಟ್ರಿಫ್ಯೂಜ್‌ಗೆ ಇಡಿ. ಎದುರುಬದುರಿನ ಕೊಳವೆಗಳ ತೂಕ ಸಮನಾಗಿರಲೇಬೇಕು. ಅಕ್ಕಿ ಗಾಳಿಸುವಾಗ ಕಲ್ಲು ಮೊದಲು ತಳ ಸೇರುವಂತೆ ಇಲ್ಲೂ ದೊಡ್ಡದು, ಭಾರದ್ದು ಮೊದಲು ಇಳಿಯುತ್ತದೆ. ಗುರುತ್ವಕ್ಕಿಂತ 600 ಪಟ್ಟು ಬಲದಲ್ಲಿ 10 ನಿಮಿಷ ತಿರುಗಿಸಿದರೆ ನ್ಯೂಕ್ಲಿಯಸ್ ಮತ್ತು ಒಡೆಯದ ಕೋಶಗಳು. ಮೇಲಿನ ತಿಳಿಯನ್ನು ಬೇರೆ ಕೊಳವೆಗೆ ಬಗ್ಗಿಸಿ 10,000 ಪಟ್ಟಿನಲ್ಲಿ ತಿರುಗಿಸಿದರೆ ಮೈಟೊಕಾಂಡ್ರಿಯ, ಜೊತೆಗೆ ಒಂದಷ್ಟು ಲೈಸೊಸೋಮ್ (ಜೀರ್ಣಿಸುವ ಕಿಣ್ವಗಳ ಚೀಲ). ಮತ್ತೆ ಆ ತಿಳಿಯನ್ನು 1,00,000 ಪಟ್ಟಿನಲ್ಲಿ ಒಂದು ಗಂಟೆ ಇಟ್ಟರೆ ಒಡೆದ ಒಳಪೊರೆಗಳ ಚೂರುಗಳಾದ ಮೈಕ್ರೊಸೋಮ್‌ಗಳು. ಕೊನೆಗೆ ಉಳಿಯುವ ತಿಳಿಯೇ ಸೈಟೊಸಾಲ್, ಅಂದರೆ ಕೋಶದೊಳಗಿನ ದ್ರವ.

ಯಾವ ಗಸಿಯೂ ಅಪ್ಪಟವಲ್ಲ. ಎಷ್ಟು ಬೆರಕೆ ಎಂದು ತಿಳಿಯಲು ಗುರುತಿನ ಕಿಣ್ವಗಳನ್ನು ಅಳೆಯಿರಿ: ಮೈಟೊಕಾಂಡ್ರಿಯಕ್ಕೆ ಸಕ್ಸಿನೇಟ್ ಡಿಹೈಡ್ರೋಜಿನೇಸ್, ಲೈಸೊಸೋಮಿಗೆ ಆಸಿಡ್ ಫಾಸ್ಫಟೇಸ್.

ಈ ಎರಡನೆಯ ಕಿಣ್ವವೇ 1949ರಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಜೀವರಸಾಯನ ವಿಜ್ಞಾನಿ ಕ್ರಿಶ್ಚಿಯನ್ ಡಿ ಡ್ಯೂವ್ ಅವರನ್ನು ಗೊಂದಲಕ್ಕೆ ಕೆಡವಿತ್ತು. ಮೆಲ್ಲಗೆ ಅರೆದ ಯಕೃತ್ತಿನಲ್ಲಿ ಅದರ ಚಟುವಟಿಕೆ ನಿರೀಕ್ಷೆಗಿಂತ ತೀರಾ ಕಡಿಮೆ. ಫ್ರಿಜ್ಜಿನಲ್ಲಿಟ್ಟು ಐದು ದಿನದ ಮೇಲೆ ಅಳೆದರೆ ಏರಿತ್ತು! ಪೊರೆಯೊಳಗೆ ಬಚ್ಚಿಟ್ಟುಕೊಂಡಿದ್ದ ಕಿಣ್ವ, ಪೊರೆ ಸಡಿಲಾದಾಗ ಹೊರಬಂದಿತ್ತು. ಆ ಚೀಲಕ್ಕೆ 1955ರಲ್ಲಿ ಲೈಸೊಸೋಮ್ ಎಂದು ಹೆಸರಿಟ್ಟರು. ನೀವು ಐದು ದಿನ ಕಾಯಬೇಕಿಲ್ಲ: ಅಳೆಯುವ ಮುಂಚೆ ಮಾದರಿಗೆ ಚೂರು ಟ್ರೈಟಾನ್ ಎಕ್ಸ್-100 ಮಾರ್ಜಕ ಬೆರೆಸಿದರೆ ಪೊರೆ ಕರಗುತ್ತದೆ.