ಕರೆಂಟ್ ಹೋದರೆ ಯಾವ ಫೈಲ್‌ಸಿಸ್ಟಂ ತಡೆದುಕೊಳ್ಳುತ್ತದೆ? ನೀವೇ ಪರೀಕ್ಷಿಸುವ ಕ್ರಮ

ಮಳೆಗಾಲದಲ್ಲಿ ಮೂಡಿಗೆರೆ, ಸಕಲೇಶಪುರದ ಕಡೆ ಸಿಲ್ವರ್ ಓಕ್ ಕೊಂಬೆ ಲೈನ್ ಮೇಲೆ ಬಿದ್ದರೆ ಕರೆಂಟ್ ಒಂದೇ ಸಲಕ್ಕೆ ಹೋಗಿಬಿಡುವುದಿಲ್ಲ. ಹೋಗುತ್ತದೆ, ಬರುತ್ತದೆ, ಮತ್ತೆ ಹೋಗುತ್ತದೆ. ತೋಟದ ರೈಟರ್ ಬಟವಾಡೆ ಲೆಕ್ಕ ಸೇವ್ ಮಾಡುವ ಹೊತ್ತಿಗೇ ಹೀಗಾದರೆ ಡಿಸ್ಕಿನಲ್ಲಿ ಏನು ಉಳಿಯಿತು ಎಂಬುದು ಫೈಲ್‌ಸಿಸ್ಟಂ (ಡಿಸ್ಕಿನಲ್ಲಿ ಫೈಲ್‌ಗಳನ್ನು ಜೋಡಿಸಿಡುವ ವ್ಯವಸ್ಥೆ) ಒಂದರಿಂದಲೇ ತೀರ್ಮಾನವಾಗುವುದಿಲ್ಲ. ಡಿಸ್ಕಿನ ಕ್ಯಾಶ್ (ಬರೆಯುವ ಮುನ್ನ ಡೇಟಾ ತಂಗುವ ತಾತ್ಕಾಲಿಕ ಮೆಮೊರಿ), ಲೆಕ್ಕದ ಸಾಫ್ಟ್‌ವೇರ್ ಬರೆಯುವ ರೀತಿ ಎರಡೂ ಅದರಲ್ಲಿ ಸೇರಿವೆ. ಇವನ್ನು ಬಿಡಿಸಿ ನೋಡದೆ ಲಿನಕ್ಸ್‌ನ ಫೈಲ್‌ಸಿಸ್ಟಂಗಳಲ್ಲಿ 'ಎಕ್ಸ್ಟ್4 (ext4) ಒಳ್ಳೆಯದು, ಎಕ್ಸ್‌ಎಫ್‌ಎಸ್ (XFS) ಕೆಟ್ಟದ್ದು' ಎಂದು ವಾದಿಸಿ ಪ್ರಯೋಜನವಿಲ್ಲ.

ಮೊದಲು ಜರ್ನಲ್, ಅಂದರೆ ಮಾಡಲಿರುವ ಬದಲಾವಣೆಯನ್ನು ಫೈಲ್‌ಸಿಸ್ಟಂ ಮುಂಚೆಯೇ ಗುರುತುಹಾಕಿಡುವ ದಿನಚರಿ, ಏನನ್ನು ಕಾಯುತ್ತದೆ ಎಂದು ತಿಳಿದಿರಬೇಕು. ಎಕ್ಸ್‌ಎಫ್‌ಎಸ್ ಮೆಟಾಡೇಟಾವನ್ನು, ಅಂದರೆ ಫೈಲಿನ ಹೆಸರು, ಗಾತ್ರ, ಡಿಸ್ಕಿನಲ್ಲಿ ಅದು ಕೂತ ಜಾಗದ ವಿವರವನ್ನು ಮಾತ್ರ ಜರ್ನಲ್‌ನಲ್ಲಿ ಬರೆಯುತ್ತದೆ. ಎಕ್ಸ್ಟ್4ಗೆ ಮೂರು ವಿಧಾನಗಳಿವೆ. ತಾನಾಗಿ ಬರುವ 'ಆರ್ಡರ್ಡ್' ವಿಧಾನದಲ್ಲಿ ಡೇಟಾ ಡಿಸ್ಕಿಗೆ ಹೋದ ಮೇಲೆಯೇ ಅದರ ಮೆಟಾಡೇಟಾ ಜರ್ನಲ್‌ನಲ್ಲಿ ಖಾಯಂ ಆಗುತ್ತದೆ. 'ರೈಟ್‌ಬ್ಯಾಕ್'ನಲ್ಲಿ ಆ ಕ್ರಮ ಇಲ್ಲ, ಹಾಗಾಗಿ ಹೊಸ ಫೈಲಿನೊಳಗೆ ಹಳೆಯ ಅಳಿಸಿದ ಡೇಟಾ ಕಾಣಿಸಿಕೊಳ್ಳಬಹುದು. 'ಜರ್ನಲ್' ವಿಧಾನದಲ್ಲಿ ಡೇಟಾವನ್ನೂ ಜರ್ನಲ್ ಮೂಲಕವೇ ಬರೆಯುತ್ತದೆ. ಎರಡೆರಡು ಸಲ ಬರೆಯುವುದರಿಂದ ಸಾಮಾನ್ಯವಾಗಿ ನಿಧಾನ. ಬಿಟಿಆರ್‌ಎಫ್‌ಎಸ್ (Btrfs) ಎಂಬ ಮೂರನೆಯ ಫೈಲ್‌ಸಿಸ್ಟಂ ಜರ್ನಲ್ ಜಾತಿಗೆ ಸೇರಿದ್ದಲ್ಲ, ಹಳೆಯದನ್ನು ಮುಟ್ಟದೆ ಹೊಸ ಜಾಗದಲ್ಲಿ ಬರೆಯುತ್ತದೆ. ಆದರೆ ಡೇಟಾಕ್ಕೂ ಚೆಕ್‌ಸಮ್ (ಡೇಟಾ ಕೆಟ್ಟಿದೆಯೇ ಎಂದು ತಾಳೆ ನೋಡುವ ಸಂಖ್ಯೆ) ಇಡುವುದರಿಂದ ಹೋಲಿಕೆಗೆ ಸೇರಿಸಿಕೊಳ್ಳುವುದು ಒಳ್ಳೆಯದು.

ಪರೀಕ್ಷೆ ಇಷ್ಟೇ: ಡಿಸ್ಕಿಗೆ ಬರೆಯುತ್ತಿರುವಾಗ ಪ್ಲಗ್ ಕಿತ್ತು, 'ಬರೆದಾಯಿತು' ಎಂದು ಇನ್ನೊಂದು ಯಂತ್ರಕ್ಕೆ ತಿಳಿಸಿದ್ದೆಲ್ಲ ಡಿಸ್ಕಿನಲ್ಲಿ ಉಳಿದಿದೆಯೇ ಎಂದು ನೋಡುವುದು. ಏನೇನು ಬೇಕು: ಪರೀಕ್ಷೆಗೆ ಒಂದು ಡೆಸ್ಕ್‌ಟಾಪ್, ಅದರಲ್ಲಿ ಲಿನಕ್ಸ್ ಇರುವ ಒಂದು ಡಿಸ್ಕ್, ಹಾಳಾದರೂ ಚಿಂತೆಯಿಲ್ಲದ ಇನ್ನೊಂದು ಡಿಸ್ಕ್. ಸಾಕ್ಷಿಗೆ ಒಂದು ಲ್ಯಾಪ್‌ಟಾಪ್, ಎರಡರ ನಡುವೆ ನೇರ ನೆಟ್‌ವರ್ಕ್ ಕೇಬಲ್. ಪರೀಕ್ಷೆಯ ಡಿಸ್ಕಿನಲ್ಲಿ ಬೇಕಾದ ಒಂದು ಫೈಲನ್ನೂ ಇಡಬೇಡಿ. ಕೆಪಾಸಿಟರ್ ರಕ್ಷಣೆಯಿಲ್ಲದ ಅಗ್ಗದ ಎಸ್‌ಎಸ್‌ಡಿ ಏಕಾಏಕಿ ಕರೆಂಟ್ ಹೋದಾಗ ಹಿಂದೆಂದೋ ಬರೆದಿಟ್ಟ ಡೇಟಾವನ್ನೂ ಕಳೆಯಬಹುದು, ಪೂರ್ತಿ ಸತ್ತೇಹೋಗಲೂಬಹುದು.

ಪರೀಕ್ಷೆಯ ಪ್ರೋಗ್ರಾಂ ಪೈಥಾನ್‌ನಲ್ಲಿ ಇಪ್ಪತ್ತು ಸಾಲಿಗಿಂತ ಹೆಚ್ಚಾಗುವುದಿಲ್ಲ. 512 ಬೈಟಿನ ಒಂದೊಂದು ದಾಖಲೆಯಲ್ಲಿ ಕ್ರಮಸಂಖ್ಯೆ ಮತ್ತು ಚೆಕ್‌ಸಮ್ ಇರಲಿ. ದಾಖಲೆಯನ್ನು ಫೈಲಿನ ಕೊನೆಗೆ ಸೇರಿಸಿ, ಪೈಥಾನ್‌ನ ಬಫರ್ ಖಾಲಿ ಮಾಡಲು ಫ್ಲಶ್ ಕರೆದು, ಆಮೇಲೆ ಎಫ್‌ಸಿಂಕ್ (fsync, ಅಂದರೆ 'ಈ ಫೈಲನ್ನು ಈಗಲೇ ಡಿಸ್ಕಿಗೆ ಬರೆ' ಎಂಬ ಆದೇಶ) ಕರೆಯಿರಿ. ಎಫ್‌ಸಿಂಕ್ ಮುಗಿದು ವಾಪಸ್ ಬಂದ ಮೇಲೆ ಮಾತ್ರ ಆ ಸಂಖ್ಯೆ ಲ್ಯಾಪ್‌ಟಾಪಿಗೆ ಹೋಗಬೇಕು. ಫ್ಲಶ್ ಮರೆತರೆ ದಾಖಲೆ ಪೈಥಾನ್‌ನ ಬಫರಿನಲ್ಲೇ ಉಳಿದು ಫಲಿತಾಂಶವೆಲ್ಲ ಸುಳ್ಳಾಗುತ್ತದೆ. ಫೈಲ್ ಹೊಸದಾಗಿ ಸೃಷ್ಟಿಸಿದಾಗ ಅದಿರುವ ಫೋಲ್ಡರಿಗೂ ಒಮ್ಮೆ ಎಫ್‌ಸಿಂಕ್ ಮಾಡಿ.

ವೈರ್ ಕೀಳುವ ಮುನ್ನವೇ ಒಂದು ತಪಾಸಣೆ ಮುಗಿಸಬಹುದು: ಸೆಕೆಂಡಿಗೆ ಎಷ್ಟು ದಾಖಲೆ ಹೋಗುತ್ತಿವೆ ಎಂದು ಎಣಿಸಿ. ನಿಮಿಷಕ್ಕೆ 7200 ಸುತ್ತಿನ ಹಾರ್ಡ್‌ಡಿಸ್ಕ್ ಸೆಕೆಂಡಿಗೆ 120 ಸಲ ಮಾತ್ರ ತಿರುಗುತ್ತದೆ. ಎಫ್‌ಸಿಂಕ್ ನಿಜವಾಗಿ ಡಿಸ್ಕಿನೊಳಗೆ ತಿರುಗುವ ತಟ್ಟೆಯವರೆಗೆ ಹೋಗುತ್ತಿದ್ದರೆ ಎಣಿಕೆ ಅದಕ್ಕಿಂತ ಕಡಿಮೆಯೇ ಇರಬೇಕು. ಸಾವಿರಗಟ್ಟಲೆ ಬಂದರೆ ನಡುವೆ ಯಾರೋ 'ಬರೆದಾಯಿತು' ಎಂದು ಸುಳ್ಳು ಹೇಳುತ್ತಿದ್ದಾರೆ. ಡಿಸ್ಕ್ ಯುಎಸ್‌ಬಿ ಡಬ್ಬಿಯಲ್ಲಿದ್ದರೆ ಆ ಡಬ್ಬಿಯ ಚಿಪ್ಪನ್ನೇ ಮೊದಲು ಅನುಮಾನಿಸಿ, ನೇರ ಸಾಟಾ ಕೇಬಲ್‌ಗೆ ಹಾಕಿ ಮತ್ತೆ ನೋಡಿ.

ಈಗ ಮುಖ್ಯ ಕೆಲಸ. ಒಂದೇ ಡಿಸ್ಕಿನ ಒಂದೇ ಪಾರ್ಟಿಷನ್ ಅನ್ನು ಒಂದೊಂದು ಫೈಲ್‌ಸಿಸ್ಟಂಗೆ ಫಾರ್ಮ್ಯಾಟ್ ಮಾಡುತ್ತಾ ಹೋಗಿ, ಕರ್ನಲ್ (ಲಿನಕ್ಸ್‌ನ ತಿರುಳಾದ ಪ್ರೋಗ್ರಾಂ) ಬದಲಾಗಬಾರದು. ಪ್ರೋಗ್ರಾಂ ಓಡುತ್ತಿರುವಾಗ ಗೋಡೆಯ ಸಾಕೆಟ್ಟಿನಿಂದ ಪ್ಲಗ್ ಕೀಳಿ. ರೀಸೆಟ್ ಬಟನ್ ಒತ್ತಿದರೆ ಸಾಲದು: ಡಿಸ್ಕಿಗೆ ಕರೆಂಟ್ ಇದ್ದೇ ಇರುವುದರಿಂದ ಅದರ ಕ್ಯಾಶ್ ಉಳಿದು ಎಲ್ಲವೂ ಚೆನ್ನಾಗಿರುವಂತೆ ಕಾಣುತ್ತದೆ. ಒಂದು ಸಲ ಬದುಕಿದ ಫೈಲ್‌ಸಿಸ್ಟಂ ಏನನ್ನೂ ಸಾಬೀತು ಮಾಡುವುದಿಲ್ಲ. ಪ್ರತಿಯೊಂದಕ್ಕೂ ಕನಿಷ್ಠ 20 ಸಲ ಕೀಳಿ. ಅಂತರ ಒಂದೇ ಸಮ ಇರದಿರಲಿ.

ಮತ್ತೆ ಚಾಲೂ ಮಾಡಿದ ಮೇಲೆ ಮಾಡುವ ಕೆಲಸದ ಕ್ರಮ ತಪ್ಪಬಾರದು.

1. ಮೊದಲು ಮೌಂಟ್ ಮಾಡಿ, ಅಂದರೆ ಪಾರ್ಟಿಷನ್ ಅನ್ನು ಬಳಕೆಗೆ ತೆರೆಯಿರಿ. ಜರ್ನಲ್ ಮರುಓಡುವುದು ಆಗಲೇ. ಕರ್ನಲ್ ಸಂದೇಶಗಳನ್ನು dmesg ಆದೇಶದಿಂದ ಓದಿ ಬರೆದಿಡಿ.
2. ಫೈಲಿನ ಕೊನೆಯ ಸರಿಯಾದ ಸಂಖ್ಯೆಯನ್ನು ಲ್ಯಾಪ್‌ಟಾಪಿನ ಕೊನೆಯ ಸಂಖ್ಯೆಯ ಜೊತೆ ಹೋಲಿಸಿ. ಫೈಲಿನದು ಸಮ ಅಥವಾ ಹೆಚ್ಚಿದ್ದು, ನಡುವಿನ ಚೆಕ್‌ಸಮ್‌ಗಳೆಲ್ಲ ತಾಳೆಯಾದರೆ ಪಾಸ್. ಒಂದೇ ಕಡಿಮೆಯಿದ್ದರೂ ಫೇಲ್.
3. ಅನ್‌ಮೌಂಟ್ ಮಾಡಿ, ಏನನ್ನೂ ತಿದ್ದದ 'ಎನ್' ಆಯ್ಕೆಯಲ್ಲಿ ತಪಾಸಣೆ ನಡೆಸಿ: ಎಕ್ಸ್ಟ್4ಗೆ ಇ2ಎಫ್‌ಎಸ್‌ಸಿಕೆ (e2fsck; ಜೊತೆಗೆ 'ಎಫ್' ಆಯ್ಕೆಯೂ ಇರಲಿ, ಇಲ್ಲವಾದರೆ ಎಲ್ಲ ಸರಿ ಎಂದು ನೋಡದೆಯೇ ಮುಗಿಸುತ್ತದೆ), ಎಕ್ಸ್‌ಎಫ್‌ಎಸ್‌ಗೆ ಅದರದೇ ರಿಪೇರ್ ಸಾಧನ (xfs_repair). ಬಿಟಿಆರ್‌ಎಫ್‌ಎಸ್ ಆದರೆ ಮೌಂಟ್ ಆಗಿರುವಾಗಲೇ ಸ್ಕ್ರಬ್ (ಎಲ್ಲವನ್ನೂ ಓದಿ ಚೆಕ್‌ಸಮ್ ತಾಳೆ ನೋಡುವ ಆದೇಶ).

ಮೌಂಟ್ ಮಾಡದೆ ನೇರ ಮೂರನೆಯದಕ್ಕೆ ಹೋದರೆ ಜರ್ನಲ್ ಇನ್ನೂ ಓಡಿರುವುದಿಲ್ಲ. ಇಲ್ಲದ ತಪ್ಪುಗಳು ಕಾಣಿಸಿ ಒಳ್ಳೆಯ ಫೈಲ್‌ಸಿಸ್ಟಂಗೆ ಕೆಟ್ಟ ಹೆಸರು ಬರುತ್ತದೆ. ಎಕ್ಸ್‌ಎಫ್‌ಎಸ್ ರಿಪೇರಿಯ ದೊಡ್ಡ 'ಎಲ್' ಆಯ್ಕೆ ಜರ್ನಲ್ಲನ್ನೇ ಸೊನ್ನೆ ಮಾಡುತ್ತದೆ. ಮೌಂಟ್ ಆಗಲೇ ಇಲ್ಲ ಎಂದಾದಾಗ, ಡಿಸ್ಕಿನ ಪೂರ್ತಿ ನಕಲು ತೆಗೆದಿಟ್ಟ ಮೇಲೆ ಮಾತ್ರ ಅದನ್ನು ಮುಟ್ಟಿ. ಬಿಟಿಆರ್‌ಎಫ್‌ಎಸ್ ಚೆಕ್‌ನ ರಿಪೇರ್ ಆಯ್ಕೆಗೂ ಇದೇ ಮಾತು.

ಫೇಲ್ ಆದರೆ ತಪ್ಪು ಯಾರದು? ಸಾಟಾ ಡಿಸ್ಕ್ ಆದರೆ ಎಚ್‌ಡಿಪಾರ್ಮ್ (hdparm) ಆದೇಶದಿಂದ ಡಿಸ್ಕಿನ ರೈಟ್ ಕ್ಯಾಶ್ ಆರಿಸಿ ಮತ್ತೆ 20 ಸಲ ನಡೆಸಿ. ನಷ್ಟ ನಿಂತರೆ ಅನುಮಾನ ಡಿಸ್ಕಿನ ಮೇಲೆಯೇ ಹೋಗಬೇಕು. ಬಹಳ ಡಿಸ್ಕುಗಳಲ್ಲಿ ಈ ಸೆಟ್ಟಿಂಗ್ ಕರೆಂಟ್ ಹೋದೊಡನೆ ಹಳೆಯದಕ್ಕೆ ಮರಳುತ್ತದೆ, ಪ್ರತಿ ಬೂಟ್‌ನಲ್ಲೂ ಮತ್ತೆ ಕೊಡಬೇಕು. ಮೌಂಟ್ ಆಯ್ಕೆಗಳಲ್ಲಿ ವೇಗಕ್ಕೆಂದು ಯಾರಾದರೂ ಬ್ಯಾರಿಯರ್ (ಬರೆಯುವ ಕ್ರಮ ತಪ್ಪದಂತೆ ಡಿಸ್ಕಿನ ಕ್ಯಾಶ್ ಖಾಲಿ ಮಾಡಿಸುವ ವ್ಯವಸ್ಥೆ) ಆರಿಸಿದ್ದಾರೆಯೇ ಎಂದೂ ನೋಡಿ; ಹಳೆಯ ಸಲಹೆ ಓದಿ ಹೀಗೆ ಮಾಡಿಟ್ಟ ಯಂತ್ರಗಳಲ್ಲಿ ಜರ್ನಲ್ ಇದ್ದೂ ಇಲ್ಲದಂತೆಯೇ.

ಎಫ್‌ಸಿಂಕ್ ಇಲ್ಲದೆ ಸಣ್ಣ ಫೈಲ್‌ಗಳನ್ನು ಬರೆಯುವ ಇನ್ನೊಂದು ಸುತ್ತು ನಡೆಸಿದರೆ ಕೊನೆಯ ಅರ್ಧ ನಿಮಿಷದ ಕೆಲಸದವರೆಗೂ ಕಾಣೆಯಾಗಬಹುದು. ಎಕ್ಸ್ಟ್4ರ ಜರ್ನಲ್ 5 ಸೆಕೆಂಡಿಗೊಮ್ಮೆ ಖಾಯಂ ಆದರೂ, ಡಿಸ್ಕಿನಲ್ಲಿ ಜಾಗ ಹಂಚುವುದನ್ನು ಅದು ಮುಂದಕ್ಕೆ ಹಾಕುತ್ತದೆ. ಮೆಮೊರಿಯಲ್ಲಿರುವ ಡೇಟಾ ಹಳತಾಯಿತೆಂದು ಕರ್ನಲ್ ಬರೆಯಲು ತೊಡಗುವುದು ಸಾಮಾನ್ಯವಾಗಿ 30 ಸೆಕೆಂಡ್ ಆದ ಮೇಲೆ. ಸೊನ್ನೆ ಗಾತ್ರದ ಫೈಲ್‌ಗಳು ಹುಟ್ಟುವುದು ಹೀಗೆ. ಇದು ಫೈಲ್‌ಸಿಸ್ಟಂನ ಸೋಲಲ್ಲ. ಎಫ್‌ಸಿಂಕ್ ಮಾಡದ ಡೇಟಾಕ್ಕೆ ಯಾವ ಫೈಲ್‌ಸಿಸ್ಟಮ್ಮೂ ಮಾತು ಕೊಟ್ಟಿಲ್ಲ, ಮತ್ತು ಲೆಕ್ಕದ ಸಾಫ್ಟ್‌ವೇರ್ ಕೊಳ್ಳುವಾಗ ಮಾರುವವರನ್ನು ಕೇಳಬೇಕಾದ ಮೊದಲ ಪ್ರಶ್ನೆ ಇದೇ: ಸೇವ್ ಮಾಡಿದಾಗ ಇದು ಎಫ್‌ಸಿಂಕ್ ಮಾಡುತ್ತದೆಯೇ?

ಪ್ರಾಮಾಣಿಕ ಡಿಸ್ಕ್ ಇದ್ದರೆ ಎಕ್ಸ್ಟ್4, ಎಕ್ಸ್‌ಎಫ್‌ಎಸ್ ಎರಡೂ ಎಫ್‌ಸಿಂಕ್ ಪರೀಕ್ಷೆ ಪಾಸಾಗಲೇಬೇಕು. ಆಗ ಆಯ್ಕೆ ಬಳಕೆಗೆ ತಕ್ಕಂತೆ. ಲೆಕ್ಕದ ಯಂತ್ರಕ್ಕೆ ಎಕ್ಸ್ಟ್4 ಆರ್ಡರ್ಡ್ ವಿಧಾನವೇ ನಮ್ಮ ಸಲಹೆ, ಏಕೆಂದರೆ ಕೆಟ್ಟಾಗ ರಿಪೇರಿ ಸಾಧನ ಬಳಸಬಲ್ಲವರು ಹಾಸನ, ಚಿಕ್ಕಮಗಳೂರಿನಲ್ಲೇ ಸಿಗುತ್ತಾರೆ. ಸಿಸಿಟಿವಿಯಂಥ ದೊಡ್ಡ ಫೈಲ್‌ಗಳಿಗೆ ಎಕ್ಸ್‌ಎಫ್‌ಎಸ್ ಸರಿ, ಆದರೆ ಅದನ್ನು ಬೆಳೆಸಬಹುದೇ ಹೊರತು ಬೇಕಾದಷ್ಟು ಕುಗ್ಗಿಸಲಾಗದು ಎಂಬುದನ್ನು ಪಾರ್ಟಿಷನ್ ಮಾಡುವಾಗಲೇ ನೆನಪಿಡಿ. ಸುಳ್ಳು ಹೇಳುವ ಡಿಸ್ಕಿನ ಮೇಲೆ ಬಿಟಿಆರ್‌ಎಫ್‌ಎಸ್ ಬೇಡವೇ ಬೇಡ, ಮೌಂಟೇ ಆಗದ ಸ್ಥಿತಿ ಬರಬಹುದು. ಯಂತ್ರ ಇನ್ವರ್ಟರ್ ಮೇಲಿದ್ದರೆ ಹಿಂಭಾಗದ ಸ್ವಿಚ್ ಯುಪಿಎಸ್ ಮೋಡ್‌ನಲ್ಲಿದೆಯೇ ನೋಡಿ. ಸಾಮಾನ್ಯ ಮೋಡ್‌ನಲ್ಲಿ ಲೈನಿನಿಂದ ಬ್ಯಾಟರಿಗೆ ಹೊರಳುವಷ್ಟರಲ್ಲಿ ಕಂಪ್ಯೂಟರ್ ರೀಬೂಟ್ ಆಗಿಬಿಡಬಹುದು.