ನಲವತ್ತು ದಾಟಿದ ಮೇಲೆ, ಮನೆ ತುಂಬ ಜನ ಇರುವಾಗ ಗಿಟಾರ್ ಕಲಿಯುವುದು

ಗಿಟಾರ್ ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಹೇಳಿಬಿಡಿ. ಮೂರು ವಿಷಯ ಹೇಳಿದರೆ ಸಾಕು: ಎಷ್ಟು ಖರ್ಚು, ದಿನಕ್ಕೆ ಎಷ್ಟು ಹೊತ್ತು, ಯಾವ ಹೊತ್ತಿನಲ್ಲಿ. ನಾನು ಮೈಸೂರಿನವಳು, ಬ್ಯಾಂಕ್ ಕೌಂಟರಿನಲ್ಲಿ ಕೆಲಸ. ಮನೆಯಲ್ಲಿ ಅತ್ತೆ, ಯಜಮಾನರು, ಪಿಯುಸಿ ಓದುವ ಮಗ ಇದ್ದಾರೆ. ಗಿಟಾರ್ ಹಿಡಿದಾಗ ನನಗೆ ನಲವತ್ತೇಳು. ‘ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ?’ ಅನ್ನುವ ಮಾತು ಎಲ್ಲ ಮನೆಯಲ್ಲೂ ಬಂದೇ ಬರುತ್ತದೆ. ಅದರ ಹೊಟ್ಟೆಯೊಳಗೆ ಬೇರೆ ಪ್ರಶ್ನೆಗಳಿರುತ್ತವೆ: ರಾತ್ರಿ ಅಡುಗೆ ತಡವಾಗುತ್ತಾ? ವಾರ್ತೆ ನೋಡುವ ಹೊತ್ತಿಗೆ ಸದ್ದು ಮಾಡ್ತೀಯಾ? ದುಡ್ಡು ಹಾಕಿ ಎರಡೇ ತಿಂಗಳಿಗೆ ಮೂಲೆಗಿಡ್ತೀಯಾ? ಇವಕ್ಕೆ ಮೊದಲೇ ಉತ್ತರ ಕೊಟ್ಟರೆ ವಯಸ್ಸಿನ ಮಾತು ತಾನಾಗಿ ಹಿಂದೆ ಸರಿಯುತ್ತದೆ.

ದೊಡ್ಡವರಾದ ಮೇಲೆ ಕಲಿಯಲು ಶುರುಮಾಡಿ ಅರ್ಧಕ್ಕೆ ಬಿಟ್ಟ ನನ್ನ ಪರಿಚಯದವರಲ್ಲಿ ಹೆಚ್ಚಿನವರು ಬಿಟ್ಟದ್ದು ಬೆರಳು ನೋವಿಗಿಂತ ಮನೆಯ ಮಾತಿಗೆ. ಹಾಗಾಗಿ ಅಭ್ಯಾಸದ ಲೆಕ್ಕ ಹಾಕುವಾಗ ನಿಮ್ಮ ಬೆರಳಿನ ಜೊತೆ ಮನೆಯವರ ಕಿವಿಯನ್ನೂ ಸೇರಿಸಿಕೊಳ್ಳಿ.

ಮೊದಲು ವಾದ್ಯ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್ ಬೆರಳಿಗೆ ಮೆತ್ತಗಿರುತ್ತದೆ, ಸದ್ದೂ ಕಡಿಮೆ. ಆದರೆ ಅದರ ಕುತ್ತಿಗೆ ನಟ್ (ತಲೆಯ ಕಡೆ ತಂತಿಗಳು ಕೂರುವ ಪಟ್ಟಿ) ಹತ್ತಿರ ಸುಮಾರು 52 ಮಿ.ಮೀ. ಅಗಲ. ಸ್ಟೀಲ್ ತಂತಿಯ ಅಕೌಸ್ಟಿಕ್‌ನಲ್ಲಿ ಅದು ಸುಮಾರು 43. ನನ್ನಂತೆ ಕೈ ಚಿಕ್ಕದಿದ್ದರೆ ಈ 9 ಮಿ.ಮೀ. ತುಂಬ ದೊಡ್ಡ ವ್ಯತ್ಯಾಸ. ನಾನು ಸ್ಟೀಲ್ ತಂತಿಯದನ್ನೇ ತೆಗೆದುಕೊಂಡು, ಅದಕ್ಕೆ 12ರ ತಂತಿ ಸೆಟ್ (ಈ ಅಂಕಿ ತಂತಿಯ ದಪ್ಪದ ಅಳತೆ) ಬದಲು ತೆಳುವಾದ 10ರ ಸೆಟ್ ಹಾಕಿಸಿದೆ. ಅಂಗಡಿಯಲ್ಲೇ 12ನೇ ಫ್ರೆಟ್ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ ಕಣ್ಣಿಟ್ಟು ನೋಡಿ. ದಪ್ಪ ತಂತಿಗೂ ಫ್ರೆಟ್ಟಿಗೂ ನಡುವೆ ಎರಡೂವರೆ ಮಿ.ಮೀ.ಗಿಂತ ಬಹಳ ಹೆಚ್ಚು ಜಾಗವಿದ್ದರೆ ಆ ಗಿಟಾರ್ ಬೇಡ, ಇಲ್ಲವೇ ತಗ್ಗಿಸಿಕೊಡಿ ಅನ್ನಿ. ಬಣ್ಣ, ಹೊಳಪು ಎಲ್ಲ ಆಮೇಲೆ.

ಹೆಂಗಸರಿಗೆ ಪಾಠದ ಪುಸ್ತಕಗಳು ಹೇಳದ ಕೆಲವು ವಿಷಯಗಳಿವೆ. ಗಿಟಾರಿನ ಬೆನ್ನು ನಮ್ಮ ಎದೆಗೆ ಒತ್ತಿಕೊಂಡಿರುತ್ತದೆ. ಕರಿಮಣಿ ಸರ ಅಲ್ಲಿ ಸಿಕ್ಕಿಕೊಂಡರೆ ಪ್ರತಿ ಸಲ ಉಸಿರಾಡಿದಾಗಲೂ ಕಿರಕಿರ ಸದ್ದು ಬರುತ್ತದೆ, ಪಾಲಿಷ್ ಮೇಲೆ ಗೀರೂ ಬೀಳುತ್ತದೆ. ಸರವನ್ನು ಬೆನ್ನ ಕಡೆಗೆ ತಿರುಗಿಸಿಕೊಳ್ಳಿ ಅಥವಾ ಕುಪ್ಪಸದೊಳಗೆ ಹಾಕಿಕೊಳ್ಳಿ. ಬಲಗೈಯ ಗಾಜಿನ ಬಳೆ ಮುಂಗೈಯಿಂದ ಜಾರಿ ಮರಕ್ಕೆ ಬಡಿಯುತ್ತದೆ. ತೆಗೆಯಲು ಮನಸ್ಸಿಲ್ಲದಿದ್ದರೆ ಅದರ ಮೇಲೊಂದು ಬಟ್ಟೆಯ ಪಟ್ಟಿ ಸುತ್ತಿ. ಎಡಗೈ ಉಗುರು ಮಾತ್ರ ಪೂರ್ತಿ ಕತ್ತರಿಸಲೇಬೇಕು. ಪಾತ್ರೆ ತೊಳೆದ ಕೈಯಲ್ಲಿ ತಕ್ಷಣ ಕೂರಬೇಡಿ. ನೀರಲ್ಲಿ ನೆಂದ ಚರ್ಮಕ್ಕೆ ತಂತಿ ಬೇಗ ಕೊರೆಯುತ್ತದೆ. ದಿನಾ ಸ್ವಲ್ಪ ಸ್ವಲ್ಪ ನುಡಿಸಿದರೆ ಕೆಲವು ವಾರಗಳಲ್ಲಿ ಬೆರಳ ತುದಿ ಗಟ್ಟಿಯಾಗುತ್ತದೆ. ಆ ನೋವು ಸಹಜ. ಮಣಿಕಟ್ಟು ನೋಯುವುದು, ಬೆರಳು ಜುಮ್ಮೆನ್ನುವುದು ಸಹಜವಲ್ಲ. ಹಾಗಾದರೆ ಅಂದಿಗೆ ನಿಲ್ಲಿಸಿ. ಕೈಯಿಲ್ಲದ ಕುರ್ಚಿಯಲ್ಲಿ ಕೂರಿ, ಸೋಫಾ ಬೇಡ.

ಭಾನುವಾರ ಎರಡು ಗಂಟೆ ನುಡಿಸುವುದಕ್ಕಿಂತ ದಿನಾ ಬೆಳಿಗ್ಗೆ ಹದಿನೈದು ನಿಮಿಷ, ಸಂಜೆ ಹದಿನೈದು ನಿಮಿಷ ಮೇಲು. ಇಲ್ಲೇ ಮನೆಯವರ ವಿಷಯ ಬರುವುದು. ಪಕ್ಕದಲ್ಲಿರುವವರ ತಾಳ್ಮೆ ತಿನ್ನುವ ಸದ್ದು ಒಂದೇ, ಒಂದು ಕಾರ್ಡಿನಿಂದ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಇನ್ನೊಂದಕ್ಕೆ ಬದಲಾಯಿಸುವ ಅಭ್ಯಾಸ. ಅದೇ ಎರಡು ಕಾರ್ಡ್, ತಡವರಿಸುತ್ತಾ, ಮತ್ತೆ ಮತ್ತೆ. ಅದಕ್ಕೆ ಸದ್ದೇ ಬೇಕಿಲ್ಲ. ಗಿಟಾರಿನ ಹೊಟ್ಟೆಯ ಮೇಲೆ ತಂತಿಗಳು ಕೊನೆಯಾಗುವ ಬ್ರಿಡ್ಜ್ ಹತ್ತಿರ ತಂತಿಗಳ ಕೆಳಗೆ ಮಡಿಸಿದ ಕರವಸ್ತ್ರ ತುರುಕಿ, ‘ಟಕ್ ಟಕ್’ ಅಂತ ಮಾತ್ರ ಕೇಳುತ್ತದೆ. ಲಯ ಎಣಿಸುವ ಮೊಬೈಲಿನ ಮೆಟ್ರೊನೋಮ್ ಒಂದು ಕಿವಿಯ ಇಯರ್‌ಫೋನಿನಲ್ಲಿರಲಿ. ಯಜಮಾನರು ಟಿ.ವಿ. ನೋಡುವಾಗ ಅದೇ ಹಾಲಿನಲ್ಲಿ ಕೂತು ಹೀಗೆ ಮಾಡಬಹುದು. ಕರವಸ್ತ್ರ ತೆಗೆದು ನುಡಿಸುವ ಹೊತ್ತನ್ನು ಹಾಡಿಗೆ ಇಟ್ಟುಕೊಳ್ಳಿ, ಒಂದೇ ಚರಣವಾದರೂ ಸರಿ, ಮೊದಲಿಂದ ಕೊನೆಯವರೆಗೆ. ಮನೆಯವರ ಕಿವಿಗೆ ಬೀಳುವುದು ಹಾಡಾದರೆ ಅವರ ಮಾತೂ ಬದಲಾಗುತ್ತದೆ.

ಬದಲಾಯಿಸುವುದಕ್ಕೆ ಮೊದಲ ಜೋಡಿ ಇ ಮೈನರ್ ಮತ್ತು ಜಿ ಕಾರ್ಡುಗಳು. ತಂತಿಗಳನ್ನು ತೆಳುವಾದುದರಿಂದ ಎಣಿಸುತ್ತಾರೆ: ಅದು ಒಂದನೇದು, ದಪ್ಪದ್ದು ಆರನೇದು. ಇ ಮೈನರ್‌ಗೆ ತೋರುಬೆರಳು ಐದನೇ ತಂತಿಯ ಎರಡನೇ ಫ್ರೆಟ್ಟಿನಲ್ಲಿ, ನಡುಬೆರಳು ನಾಲ್ಕನೇ ತಂತಿಯ ಎರಡನೇ ಫ್ರೆಟ್ಟಿನಲ್ಲಿ. ಜಿಗೆ ಹೋಗುವಾಗ ತೋರುಬೆರಳನ್ನು ಎತ್ತಲೇಬೇಡಿ. ನಡುಬೆರಳನ್ನು ಆರನೇ ತಂತಿಯ ಮೂರನೇ ಫ್ರೆಟ್ಟಿಗೆ, ಉಂಗುರ ಬೆರಳನ್ನು ಒಂದನೇ ತಂತಿಯ ಮೂರನೇ ಫ್ರೆಟ್ಟಿಗೆ ಇಡಿ. ಒಂದು ನಿಮಿಷದಲ್ಲಿ ಎಷ್ಟು ಸಲ ಬದಲಾಯಿಸಿದಿರಿ ಎಂದು ಎಣಿಸಿ. ಗಡಿಯಾರ ನೋಡುವ ಕೆಲಸ ಮನೆಯಲ್ಲಿ ಯಾರಿಗಾದರೂ ಕೊಡಿ. ನಮ್ಮ ಯಜಮಾನರು ಹೆಚ್ಚು ಮಾತಾಡುವವರಲ್ಲ, ‘ಇನ್ನೂ ಅದೇ ಪಾಠಾನಾ?’ ಅನ್ನುವುದಷ್ಟೇ ಅವರ ಅಭಿಪ್ರಾಯವಾಗಿತ್ತು. ಎಣಿಸಲು ಶುರುಮಾಡಿದ ಮೇಲೆ ‘ನಿನ್ನೆಗಿಂತ ಜಾಸ್ತಿ ಆಯ್ತು ಕಣೇ’ ಅನ್ನುತ್ತಾರೆ. ಎಫ್ ಕಾರ್ಡ್ ಸದ್ಯಕ್ಕೆ ಬೇಡ. ತೋರುಬೆರಳೊಂದರಲ್ಲೇ ಆರೂ ತಂತಿ ಒತ್ತುವ ಶಕ್ತಿ ನಿಧಾನವಾಗಿ ಬರುವಂಥದ್ದು.

ಹದಿಹರೆಯದ ಮಕ್ಕಳಿದ್ದರೆ ಅವರ ಮುಜುಗರಕ್ಕೆ ಬೆಲೆ ಕೊಡಿ. ‘ಅಮ್ಮಾ, ಫ್ರೆಂಡ್ಸ್ ಬಂದಾಗ ಬೇಡ’ ಅಂದ ನನ್ನ ಮಗ. ಸರಿ ಅಂದೆ, ಹಾಗೇ ನಡೆದುಕೊಂಡೆ. ಅವನ ಪರೀಕ್ಷೆಯ ದಿನಗಳಲ್ಲಿ ಕರವಸ್ತ್ರ ತೆಗೆಯಲೇ ಇಲ್ಲ. ಮೊಬೈಲಿನಲ್ಲಿ ಟ್ಯೂನರ್ ಹಾಕಿಕೊಟ್ಟು, ದಪ್ಪ ತಂತಿಯಿಂದ ಶುರುಮಾಡಿ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿಗೆ ಕೂರಿಸುವುದನ್ನು ತೋರಿಸಿದವನೂ ಅವನೇ.

ಅತ್ತೆಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಸಂಗೀತ ಕಲಿತ ಹಿರಿಯರಿರುವ ಮನೆಗಳಲ್ಲಿ ‘ವೀಣೆ ಕಲೀಬಹುದಿತ್ತಲ್ಲ, ಇದರಲ್ಲೇನು ರಾಗ ಬರುತ್ತೆ?’ ಅನ್ನುವುದು ಸಾಮಾನ್ಯ. ಅದಕ್ಕೆ ನಿಜವಾದ ಉತ್ತರಗಳಿವೆ. ಪಿಟೀಲೂ ಹೊರಗಿನಿಂದ ಬಂದ ವಾದ್ಯವೇ. ನಮ್ಮ ಮೈಸೂರಿನ ಚೌಡಯ್ಯನವರು ಅದಕ್ಕೆ ತಂತಿ ಹೆಚ್ಚಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಬ್ರಿಜ್‌ಭೂಷಣ್ ಕಾಬ್ರಾ ಗಿಟಾರನ್ನು ಮಲಗಿಸಿಕೊಂಡು ಹಿಂದೂಸ್ತಾನಿ ರಾಗ ನುಡಿಸಿದರು. 1967ರಲ್ಲಿ ಶಿವಕುಮಾರ ಶರ್ಮರ ಸಂತೂರ್, ಹರಿಪ್ರಸಾದ್ ಚೌರಾಸಿಯಾರ ಕೊಳಲಿನ ಜೊತೆ ಅವರ ಗಿಟಾರ್ ರೆಕಾರ್ಡ್ ಆಗಿ ಬಂತು. ಪ್ರಸನ್ನ ಅವರು ಗಿಟಾರಿನಲ್ಲಿ ಕರ್ನಾಟಕ ಸಂಗೀತದ ಕಛೇರಿಯನ್ನೇ ಮಾಡುತ್ತಾರೆ. ಆದರೆ ಈ ಹೆಸರುಗಳನ್ನು ಹೇಳಿ ವಾದಕ್ಕೆ ಕೂರಬೇಡಿ, ಸಂಗೀತದ ಮೊದಲ ಪಾಠವಾದ ಸರಳೆ ವರಸೆ ನುಡಿಸಿ ತೋರಿಸಿ.

ಮೂರನೇ ತಂತಿಯನ್ನು ಒತ್ತದೆ ಮೀಟಿದರೆ ಬರುವುದು ಜಿ. ಅದೇ ಐದರ ಶ್ರುತಿ (ಷಡ್ಜ, ಅಂದರೆ ಸ, ಎಷ್ಟು ಎತ್ತರದಲ್ಲಿರಬೇಕು ಎನ್ನುವ ಲೆಕ್ಕ), ನಮ್ಮಲ್ಲಿ ಎಷ್ಟೋ ಹೆಂಗಸರು ಹಾಡುವ ಶ್ರುತಿ. ಆ ಒಂದೇ ತಂತಿಯ ಮೇಲೆ ಸರಳೆ ವರಸೆಯ ರಾಗ ಮಾಯಾಮಾಳವಗೌಳ ಪೂರ್ತಿ ಸಿಗುತ್ತದೆ. ಖಾಲಿ ತಂತಿ ಸ, 1ನೇ ಫ್ರೆಟ್ ರಿ, 4 ಗ, 5 ಮ, 7 ಪ, 8 ದ, 11 ನಿ, 12 ಮೇಲಿನ ಸ. ಅತ್ತೆಯ ಶ್ರುತಿ ಪೆಟ್ಟಿಗೆಯನ್ನು ಐದಕ್ಕೆ ಇಟ್ಟು ಇದನ್ನು ನುಡಿಸಿದ ದಿನ ಅವರು ಹೂ ಕಟ್ಟುತ್ತಾ ಕೂತಿದ್ದರು. ತಲೆಯೆತ್ತದೆ, ‘ರಿ ಏರಿದೆ, ಇಳಿಸು’ ಅಂದರು. ಫ್ರೆಟ್ ಇರುವ ವಾದ್ಯದಲ್ಲಿ ಇಳಿಸುವುದು ಹೇಗೆ? ಬೆರಳನ್ನು ಹಗುರ ಮಾಡಿದೆ, ಕೊಂಚ ಸರಿಹೋಯಿತು. ‘ಇನ್ನೂ ಇದೆ’ ಅಂದರು. ಮಾರನೇ ವಾರ ರಿಪೇರಿಯವರಿಗೆ ತೋರಿಸಿದಾಗ ಕಾರಣ ತಿಳಿಯಿತು. ತಂತಿಗಳು ಕೂರುವ ನಟ್ಟಿನ ಗೀರುಗಳು ಆಳ ಸಾಲದೆ ತಂತಿ ಎತ್ತರದಲ್ಲಿತ್ತು. ಅಷ್ಟು ಎತ್ತರದಿಂದ 1ನೇ ಫ್ರೆಟ್ಟಿಗೆ ಒತ್ತಿದರೆ ತಂತಿ ಬಿಗಿದು ಸ್ವರ ಏರುತ್ತದೆ. ಅವರು ಸಣ್ಣ ಅರದಿಂದ ಗೀರು ಇಳಿಸಿಕೊಟ್ಟರು. ರಿ ಸರಿಯಾಯಿತು, ಜೊತೆಗೆ ಕಾರ್ಡ್ ಒತ್ತುವುದೂ ಸುಲಭವಾಯಿತು. ಮನೆಯಲ್ಲಿ ಇಂಥ ಕಿವಿ ಇದ್ದರೆ ಅದರ ಮುಂದೆಯೇ ಕೂತು ನುಡಿಸಿ. ಬಾಗಿಲು ಹಾಕಿಕೊಂಡು ಕಲಿತರೆ ಈ ಲಾಭ ಸಿಗುವುದಿಲ್ಲ.

ಮನೆಯ ಹಿರಿಯರು ಹಾಡುತ್ತೇನೆ ಅಂದರೆ ಮೋಹನ ರಾಗದ ಸರಳವಾದ ಭಾವಗೀತೆಯೋ ದೇವರನಾಮವೋ ಆರಿಸಿಕೊಳ್ಳಿ. ಜಿಯನ್ನು ಷಡ್ಜವಾಗಿಟ್ಟುಕೊಂಡರೆ ಜಿ ಮತ್ತು ಇ ಮೈನರ್ ಕಾರ್ಡುಗಳ ಎಲ್ಲ ಸ್ವರಗಳೂ ಮೋಹನದೊಳಗೇ ಇವೆ. ಆ ಎರಡರಲ್ಲೇ ಬಹಳ ದೂರ ಹೋಗಬಹುದು. ಮಾಯಾಮಾಳವಗೌಳಕ್ಕೆ ಮಾತ್ರ ಇ ಮೈನರ್ ಹಾಕಬೇಡಿ. ಅದರ ಇ ಸ್ವರ ಆ ರಾಗದ ಧೈವತಕ್ಕೆ (ದ) ಡಿಕ್ಕಿ ಹೊಡೆಯುತ್ತದೆ, ಹಿರಿಯರು ಹಾಡುವುದನ್ನೇ ನಿಲ್ಲಿಸಿಬಿಡುತ್ತಾರೆ. ಗಮಕ, ಅಂದರೆ ಸ್ವರವನ್ನು ತೂಗಾಡಿಸುವುದು, ಇರುವ ಕಡೆ ಕಾರ್ಡ್ ತುಂಬಬೇಡಿ. ತಾಳದ ಎತ್ತುಗಡೆಗೆ, ಅಂದರೆ ಸಾಲು ಶುರುವಾಗುವ ಜಾಗಕ್ಕೆ, ಒಮ್ಮೆ ಮೀಟಿ, ತಂತಿ ತಾನಾಗಿ ಮೊಳಗಲು ಬಿಡಿ.

ನಾಮಕರಣ, ಗೃಹಪ್ರವೇಶಗಳಲ್ಲಿ ‘ಗಿಟಾರ್ ಕಲೀತಿದ್ದಾಳಂತೆ, ಏನಾದ್ರೂ ನುಡಿಸಮ್ಮ’ ಅನ್ನುವ ನೆಂಟರು ಸಿಗುತ್ತಾರೆ. ಚೆನ್ನಾಗಿ ಪಳಗಿದ ಒಂದು ಹಾಡು ಕೈಯಲ್ಲಿರಲಿ. ಇಲ್ಲದಿದ್ದರೆ ‘ಮುಂದಿನ ಸಲ ನುಡಿಸ್ತೀನಿ’ ಅಂದರೆ ಸಾಕು, ಸಮಜಾಯಿಷಿ ಬೇಕಿಲ್ಲ.

ಗಿಟಾರನ್ನು ಬೀರುವಿನ ಮೇಲೆ, ಚೀಲದೊಳಗೆ ಇಡಬೇಡಿ. ಹಾಲಿನ ಮೂಲೆಯಲ್ಲಿ, ಬಿಸಿಲು ಬೀಳದ ಕಡೆ, ಸ್ಟ್ಯಾಂಡಿನ ಮೇಲಿರಲಿ. ಕಣ್ಣಿಗೆ ಬಿದ್ದರೆ ಕೈ ಹೋಗುತ್ತದೆ. ಕುಕ್ಕರ್ ಮೂರು ಕೂಗು ಹಾಕುವಷ್ಟರಲ್ಲಿ ಒಂದು ಚರಣ ಮುಗಿಯುತ್ತದೆ.

ಮನೆಯವರ ಶ್ರುತಿ ಐದೇ ಇರಬೇಕೆಂದಿಲ್ಲ. ಅರ್ಧ ಸ್ವರ ಮೇಲೆ, ಐದೂವರೆಯಾದರೆ, ಒಂದು ಕೇಪೊ (ಆರೂ ತಂತಿಗಳನ್ನು ಅಡ್ಡಲಾಗಿ ಒತ್ತಿಹಿಡಿಯುವ ಕ್ಲಿಪ್ಪು) ತಂದು 1ನೇ ಫ್ರೆಟ್ಟಿಗೆ, ಆ ಲೋಹದ ಪಟ್ಟಿಯ ಹಿಂದೆಯೇ ತಾಗಿದಂತೆ ಹಾಕಿ. ಕಾರ್ಡುಗಳ ಹಿಡಿತ ಅವೇ ಇರುತ್ತವೆ. ವಯಸ್ಸಾದಂತೆ ಶ್ರುತಿ ಇಳಿದು ನಾಲ್ಕೂವರೆಗೆ ಬಂದಿದ್ದರೆ ಕೇಪೊ ಕೆಲಸಕ್ಕೆ ಬರುವುದಿಲ್ಲ, ಅದು ಏರಿಸುವುದಕ್ಕೆ ಮಾತ್ರ. ಆಗ ಆರೂ ತಂತಿಗಳನ್ನು ಅರ್ಧ ಸ್ವರ ಇಳಿಸಿ ಕೂರಿಸಿ. ತಂತಿಯ ಬಿಗಿ ಸಡಿಲಿ ಬೆರಳಿಗೂ ಹಿತ. ನಮ್ಮ ಮನೆಯ ಗಿಟಾರ್ ಈಗ ಇರುವುದೂ ಆ ನಾಲ್ಕೂವರೆಯಲ್ಲೇ.