ಚಳಿಗಾಲದ ಮೀನುಕೊಳ: ಮೊದಲು ತಿಂಡಿ ಕಡಿಮೆ ಮಾಡಿ

ಮೈಸೂರಿನಲ್ಲಿ ಕೊಳದ ನೀರು ಹೆಪ್ಪುಗಟ್ಟುವ ಭಯವಿಲ್ಲ. ಹಾಗಂತ ಧನುರ್ಮಾಸದ ಚಳಿ ಮೀನಿಗೆ ತಟ್ಟದೇ ಇರುವುದಿಲ್ಲ. ಮಧ್ಯಾಹ್ನ 28 ಡಿಗ್ರಿ ಇದ್ದದ್ದು ಬೆಳಗಿನ ಜಾವಕ್ಕೆ 15ರ ಆಸುಪಾಸಿಗೆ ಇಳಿಯುತ್ತದೆ. ನೀರು ಎಷ್ಟು ತಣ್ಣಗೋ ಮೀನಿನ ಮೈಯೂ ಅಷ್ಟೇ ತಣ್ಣಗೆ. ತಿಂದದ್ದು ಬೇಗ ಅರಗುವುದಿಲ್ಲ.

ಮೊದಲ ವರ್ಷ ನನಗಿದು ಗೊತ್ತಿರಲಿಲ್ಲ. ಪಾಪ, ಚಳಿಗೆ ಹಸಿದಿರುತ್ತವೆ ಅಂತ ಬೆಳಿಗ್ಗೆ 7ಕ್ಕೇ ತೌಡು, ಕಡಲೆಕಾಯಿ ಹಿಂಡಿ ಕಲಸಿ ಉಂಡೆ ಹಾಕುತ್ತಿದ್ದೆ. ಒಂದೂ ಬಾಯಿ ಹಾಕುತ್ತಿರಲಿಲ್ಲ. ಎರಡು ವಾರ ಕಳೆದು ತಳಕ್ಕೆ ಕೋಲು ಆಡಿಸಿದರೆ ಬುಳುಬುಳು ಗುಳ್ಳೆ ಎದ್ದಿತು, ಕೊಳೆತ ಮೊಟ್ಟೆಯ ನಾತ. ಮಾರನೇ ದಿನ ಎರಡು ಗೆಂಡೆ ಮೀನು ಸತ್ತು ತೇಲುತ್ತಿದ್ದವು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ.

ಹಾಗಾಗಿ ಬಿಸಿಲೇರಿದ ಮೇಲೆ, ದಿನಕ್ಕೆ ಒಂದೇ ಸಲ ತಿಂಡಿ ಹಾಕಿ. ಹತ್ತು ನಿಮಿಷದಲ್ಲಿ ಖಾಲಿಯಾಗುವಷ್ಟು ಸಾಕು. ಉಳಿದರೆ ಜಾಲರಿಯಲ್ಲಿ ಎತ್ತಿಬಿಡಿ. ಮೋಡ ಕವಿದ ದಿನ ಹಾಕಲೇಬೇಡಿ. ಒಂದು ದಿನ ಉಪವಾಸವಿದ್ದರೆ ಮೀನಿಗೆ ಏನೂ ಆಗಲ್ಲ.

ಬೇಸಿಗೆಯಲ್ಲಿ ಕಟ್ಟಿದ ಹಸಿರು ನೆಟ್ ಬಿಚ್ಚಿ, ಬಿಸಿಲು ಬೀಳಲಿ. ಉದುರಿದ ಎಲೆಗಳನ್ನು ದಿನಾ ತೆಗೆಯಿರಿ.

ನೀರು ಬದಲಿಸುವಾಗ ಕಾಲು ಭಾಗಕ್ಕಿಂತ ಜಾಸ್ತಿ ಬೇಡ. ಪೈಪನ್ನು ತಳಕ್ಕೆ ಬಿಟ್ಟು ಕೆಸರಿನ ಸಮೇತ ಎಳೆಯಿರಿ. ಆ ನೀರು ಹಾಕಿದರೆ ಕರಿಬೇವು ಹೇಗೆ ಚಿಗುರುತ್ತದೆ ನೋಡಿ! ನಲ್ಲಿಯ ಕಾವೇರಿ ನೀರಿನಲ್ಲಿ ಕ್ಲೋರಿನ್ ಇರುತ್ತದಲ್ವಾ, ಬಾಯಿ ತೆರೆದ ಡ್ರಮ್ಮಿನಲ್ಲಿ ಎರಡು ದಿನ ಬಿಸಿಲಿಗಿಟ್ಟು ಆಮೇಲೆ ಬಿಡಿ. ಬೋರ್‌ವೆಲ್ ನೀರಾದರೆ ಎತ್ತರದಿಂದ ಸುರಿಯಲಿ, ಗಾಳಿ ಬೆರೆಯುತ್ತದೆ.

ಎಂಟಡಿ ಉದ್ದ, ಆರಡಿ ಅಗಲ, ಮೂರಡಿ ಆಳದ ತೊಟ್ಟಿಗೆ ಸುಮಾರು 4,000 ಲೀಟರ್ ಹಿಡಿಯುತ್ತದೆ. ಚಳಿ ಶುರುವಾದಾಗ ಇದಕ್ಕೆ 4 ಕೆಜಿ ಹರಳುಪ್ಪನ್ನು ಕರಗಿಸಿ, ಎರಡು ಮೂರು ದಿನಕ್ಕೆ ಹಂಚಿ ಹಾಕಿ. ನೀರು ಆರಿದರೂ ಉಪ್ಪು ಅಲ್ಲೇ ಉಳಿಯುತ್ತದೆ. ಹೊರಗೆ ಚೆಲ್ಲಿದ ನೀರಿನ ಲೆಕ್ಕಕ್ಕೆ ಮಾತ್ರ ಮತ್ತೆ ಸೇರಿಸಿ.

ಮೈಮೇಲೆ ಕೆಂಪು ಚುಕ್ಕೆ ಕಂಡರೆ ತಡ ಮಾಡಬೇಡಿ. 1988ರಲ್ಲಿ ನಮ್ಮ ದೇಶಕ್ಕೆ ಕಾಲಿಟ್ಟ ಹುಣ್ಣಿನ ರೋಗ ಹೆಚ್ಚಾಗಿ ಕಾಣಿಸಿಕೊಳ್ಳುವುದು ಚಳಿಯಲ್ಲೇ. ಆ ಮೀನನ್ನು ಬೇರೆ ಟಬ್ಬಿಗೆ ಹಾಕಿ, ಮೀನುಗಾರಿಕೆ ಇಲಾಖೆಯವರಿಗೆ ತೋರಿಸಿ.

ಬೆಳಕು ಹರಿಯುವಾಗ ಒಮ್ಮೆ ಕೊಳದ ಹತ್ತಿರ ಹೋಗಿ. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಗಾಳಿ ಸಾಲುತ್ತಿಲ್ಲ. ಏರ್ ಪಂಪ್ ಇಲ್ಲದಿದ್ದರೆ ಕೊಳದ ನೀರನ್ನೇ ಬಕೆಟ್ಟಿನಲ್ಲಿ ಎತ್ತಿ ಎತ್ತಿ ಸುರಿಯಿರಿ. ಸಂಕ್ರಾಂತಿ ಕಳೆದು ಬಿಸಿಲು ಚುರುಕಾಗಿ, ಕಾಲ ಸಪ್ಪಳಕ್ಕೇ ಅವು ದಡಕ್ಕೆ ಓಡಿಬರತೊಡಗಿದ ಮೇಲೆ ಎರಡು ಹೊತ್ತು ತಿಂಡಿ ಹಾಕಬಹುದು.